ಹಾಜರಿ ಪುಸ್ತಕದ ನಾಲ್ಕನೇ ಕಾಲಂ: ಕೋವಿಡ್ ನಡುವೆ ಕಬಡ್ಡಿ ಮತ್ತೆ ಶುರು ಮಾಡಿದ ಒಂದು ತಂಡದ ಪ್ರಕರಣ

ಹಳೇ ಮೈಸೂರು ಭಾಗದ ಒಂದು ತಾಲೂಕು ಕೇಂದ್ರದ ಕಬಡ್ಡಿ ತಂಡದ ಪ್ರಕರಣ ಇದು. ಆಗ ನಾನು ತಂಡದ ಕಾರ್ಯದರ್ಶಿ. ಲೆಕ್ಕ ಬರೆಯುವುದು, ಮೈದಾನಕ್ಕೆ ಅರ್ಜಿ ಹಾಕುವುದು, ಹುಡುಗರ ಅಪ್ಪಂದಿರ ಹತ್ತಿರ ಮಾತಾಡುವುದು, ಎಲ್ಲ ನನ್ನ ತಲೆಗೇ ಬೀಳುತ್ತಿತ್ತು. ಊರಿನ ಹೆಸರಾಗಲಿ ಹುಡುಗರ ಹೆಸರಾಗಲಿ ಇಲ್ಲಿಲ್ಲ. ಗುರುತು ಸಿಗದಿರಲಿ ಅಂತ ಒಂದೆರಡು ವಿವರ ಅದಲು ಬದಲು ಮಾಡಿದ್ದೇನೆ. ಆಟಗಾರರನ್ನು ಅವರು ನಿಲ್ಲುವ ಜಾಗದಿಂದಲೇ ಕರೆಯುತ್ತೇನೆ: ದಾಳಿಗೆ ಹೋಗುವ ರೈಡರ್, ಅವನನ್ನು ಹಿಡಿಯಲು ನಿಲ್ಲುವ ಎಡ ಮೂಲೆ, ಬಲ ಕವರ್. ಮೈದಾನದಲ್ಲಿ ಕೋಚ್ ಕೂಗುತ್ತಿದ್ದದ್ದೂ ಹಾಗೇ.

ಹಿನ್ನೆಲೆ

ತಂಡದಲ್ಲಿ 26 ಜನ. 17 ಮಂದಿ ಹಿರಿಯರು, ಇನ್ನೂ 18 ತುಂಬದ ಹುಡುಗರು 9. ಹಿರಿಯರಲ್ಲಿ ಮೂವರು ಗಾರೆ ಕೆಲಸದವರು, ಇಬ್ಬರು ಗಾರ್ಮೆಂಟ್ಸ್‌ಗೆ ಹೋಗುವವರು, ಒಬ್ಬ ಡೈರಿಯಲ್ಲಿ ಹಾಲು ಅಳೆಯುವವನು. ಮಿಕ್ಕವರಿಗೆ ಡಿಗ್ರಿ ಕಾಲೇಜು, ಇಲ್ಲವೇ ಮನೆಯ ಜಮೀನು. ಕೋಚ್ ಹೈಸ್ಕೂಲಿನ ಪಿಟಿ ಮೇಷ್ಟ್ರು, ವಯಸ್ಸು 48.

ನಮ್ಮ ದೊಡ್ಡ ಆಸ್ತಿ ಎಂದರೆ ಚಂದಾ ಎತ್ತಿ ತಂದ ಮ್ಯಾಟ್. 2020ರ ಮಾರ್ಚ್ 22ರ ಜನತಾ ಕರ್ಫ್ಯೂಗೆ ಹಿಂದಿನ ಸಂಜೆ ಅದನ್ನು ಬಿಚ್ಚಿ ರೂಮಿನಲ್ಲಿ ಪೇರಿಸಿಟ್ಟೆವು. ನಾಳಿದ್ದು ಹಾಸುವುದೇ ಅಲ್ವಾ ಎಂದುಕೊಂಡಿದ್ದೆವು. 25ರಿಂದ ದೇಶಕ್ಕೇ ಬೀಗ ಬಿತ್ತು. ರೂಮಿನ ಬೀಗ ತೆಗೆಯುವ ಹೊತ್ತಿಗೆ ಎರಡು ತುಂಡನ್ನು ಇಲಿ ತಿಂದಿತ್ತು.

2021ರ ಫೆಬ್ರವರಿಯಲ್ಲಿ ಒಮ್ಮೆ ಶುರು ಮಾಡಿದ್ದೆವು. ಹಣೆಗೆ ಹಿಡಿಯುವ ಥರ್ಮಲ್ ಗನ್, ಒಂದು ಕ್ಯಾನ್ ಸ್ಯಾನಿಟೈಸರ್, ಇಷ್ಟೇ ತಯಾರಿ. ಮಾರ್ಚ್‌ನಲ್ಲಿ ಪಕ್ಕದ ಊರಿನ ಹೊನಲು ಬೆಳಕಿನ ಪಂದ್ಯಾವಳಿಗೂ ಹೋಗಿ ಬಂದೆವು. ಜನ ಭುಜಕ್ಕೆ ಭುಜ ತಾಗಿಸಿ ನಿಂತಿದ್ದರು. ಗದ್ದದ ಕೆಳಗೆ ಮಾಸ್ಕ್. ಏಪ್ರಿಲ್‌ನಲ್ಲಿ ಎರಡನೇ ಅಲೆ ಬಂತು. ಮೇ ತಿಂಗಳಲ್ಲಿ ನಮ್ಮ ಎಡ ಮೂಲೆ ಹುಡುಗನ ತಂದೆ ಹೋದರು. ಅವರು ಪಂದ್ಯಕ್ಕೆ ಬಂದವರೇ ಅಲ್ಲ, ಅವರ ಸಾವಿಗೂ ನಮ್ಮ ಆಟಕ್ಕೂ ಸಂಬಂಧ ಇರಲಿಲ್ಲ. ಆದರೂ ಆಮೇಲೆ ಕಮಿಟಿಯಲ್ಲಿ ಯಾರ ಬಾಯಲ್ಲೂ ‘ಏನೂ ಆಗಲ್ಲ ಬಿಡ್ರಿ’ ಅನ್ನುವ ಮಾತು ಬರಲಿಲ್ಲ.

ಆಡಬೇಕೋ ಬೇಡವೋ ಅನ್ನುವುದು ಪ್ರಶ್ನೆಯೇ ಅಲ್ಲ ಅಂತ ಗೊತ್ತಾದದ್ದು

2021ರ ಜುಲೈ 5ರಿಂದ ರಾಜ್ಯದಲ್ಲಿ ಕ್ರೀಡಾಂಗಣಗಳನ್ನು ಅಭ್ಯಾಸಕ್ಕೆ ಮಾತ್ರ ತೆರೆಯಲು ಅವಕಾಶ ಸಿಕ್ಕಿತು. ಕಮಿಟಿಯ ಐವರಲ್ಲಿ ಮೂವರು ದೀಪಾವಳಿವರೆಗೆ ಕಾಯೋಣ ಅಂದರು. ನಾನೂ ಅವರ ಕಡೆಗೇ ಇದ್ದೆ. ಕಬಡ್ಡಿ ಬೇರೆ ಆಟದ ಹಾಗಲ್ಲ. 13 ಮೀಟರ್ ಉದ್ದ, 10 ಮೀಟರ್ ಅಗಲದ ಅಂಕಣದಲ್ಲಿ ಏಳು ಜನ ಒಬ್ಬನ ಮೇಲೆ ಬೀಳುತ್ತಾರೆ. ಒಬ್ಬನ ಉಸಿರು ಇನ್ನೊಬ್ಬನ ಮುಖಕ್ಕೆ ಹೊಡೆಯುತ್ತದೆ. ಸಾಲದ್ದಕ್ಕೆ ‘ಕಬಡ್ಡಿ ಕಬಡ್ಡಿ’ ಅನ್ನುತ್ತಲೇ ಇರಬೇಕಾದ ರೈಡರ್ 30 ಸೆಕೆಂಡ್ ಬಾಯಿ ಮುಚ್ಚುವ ಹಾಗೇ ಇಲ್ಲ. ವೈರಸ್ಸೇ ಕೂತು ಒಂದು ಆಟ ಕಂಡುಹಿಡಿದಿದ್ದರೆ ಹೀಗೇ ಇರುತ್ತಿತ್ತು.

ನಮ್ಮ ಮನಸ್ಸು ಬದಲಾದದ್ದು ಒಂದು ಭಾನುವಾರ. ಊರಾಚೆ ಒಂದು ಮಾವಿನ ತೋಪಿದೆ. ಯಾವುದೋ ಕೆಲಸಕ್ಕೆ ಆ ಕಡೆ ಹೋದ ಕೋಚ್ ಫೋನ್ ಮಾಡಿ, “ಸ್ವಲ್ಪ ಇಲ್ಲಿ ಬನ್ನಿ ಸರ್” ಅಂದರು. ಹೋಗಿ ನೋಡಿದರೆ ನಮ್ಮ ಹುಡುಗರೇ 11 ಜನ. ಜೊತೆಗೆ ಸುತ್ತಮುತ್ತಲ ಮೂರು ಹಳ್ಳಿಯವರು. ಮಣ್ಣಿನಲ್ಲಿ ಸುಣ್ಣದ ಗೆರೆ ಎಳೆದು ಜೋರಾಗಿ ಆಡುತ್ತಿದ್ದರು. ತಿಂಗಳಿಂದ ನಡೆಯುತ್ತಿತ್ತಂತೆ. ಮರದ ಬುಡದಲ್ಲಿ ಒಂದೇ ಕೊಡ, ಅದರ ಮೇಲೆ ಒಂದೇ ಲೋಟ.

ನಾವು ಬಾಗಿಲು ಹಾಕಿ ಕೂತರೆ ಆಟ ನಿಲ್ಲುವುದಿಲ್ಲ, ನಮ್ಮ ಕಣ್ಣಿನಾಚೆ ನಡೆಯುತ್ತದೆ. ಆ ಸಂಜೆಯೇ ತೀರ್ಮಾನ ಆಯಿತು: ನಮ್ಮ ಕಣ್ಣಿನ ಎದುರಿಗೇ ಆಡಲಿ.

ಡಾಕ್ಟರ್ ಕೇಳಿದ ಪ್ರಶ್ನೆ

ಪ್ರಾಥಮಿಕ ಆರೋಗ್ಯ ಕೇಂದ್ರದ ಡಾಕ್ಟರ್ ಹತ್ತಿರ ನಮ್ಮ ಪ್ಲಾನ್ ಹಿಡಿದುಕೊಂಡು ಹೋದೆವು. ಎರಡು ಪುಟ ಪೂರ್ತಿ ಮ್ಯಾಟ್ ತೊಳೆಯುವುದು, ಕೈ ತೊಳೆಯುವುದು, ಬಾಗಿಲಲ್ಲಿ ಟೆಂಪರೇಚರ್ ನೋಡುವುದು. ಅವರು ಓದಿ ಪಕ್ಕಕ್ಕಿಟ್ಟು ಒಂದೇ ಪ್ರಶ್ನೆ ಕೇಳಿದರು: “ಆಟಕ್ಕೆ ಮುಂಚೆ ಒಂದು ಗಂಟೆ, ಆಟ ಮುಗಿದ ಮೇಲೆ ಒಂದು ಗಂಟೆ ಈ ಹುಡುಗರು ಏನ್ ಮಾಡ್ತಾರೆ?”

ಕೂತು ಬರೆಯುತ್ತಾ ಹೋದೆವು. ಒಂದು ಬೈಕಿನಲ್ಲಿ ಮೂವರು ಬರುತ್ತಾರೆ. ಹೊಳೆಯಾಚೆಯ ಹಳ್ಳಿಯಿಂದ ಆರು ಜನ ಒಂದೇ ಓಮ್ನಿಯಲ್ಲಿ, ಗಾಜು ಏರಿಸಿಕೊಂಡು ಬರುತ್ತಾರೆ. ಒಂದು ನೀಕ್ಯಾಪ್ ಇಬ್ಬರಿಗೆ. ಬೆವರು ಒರೆಸುವ ಟವೆಲ್ ಎಲ್ಲರಿಗೂ ಸೇರಿದ್ದು. ಶೂ ಜಾರಬಾರದೆಂದು ಅಂಗೈಗೆ ಎಂಜಲು ಹಚ್ಚಿ ಅಟ್ಟೆ ಉಜ್ಜುತ್ತಾರೆ. ಅಂಕಣಕ್ಕೆ ಇಳಿಯುವಾಗ ನೆಲ ಮುಟ್ಟಿ ಕಣ್ಣಿಗೆ ಒತ್ತಿಕೊಳ್ಳುತ್ತಾರೆ. ಕೊನೆಯದನ್ನು ಓದಿ ಡಾಕ್ಟರ್ ನಕ್ಕರು. “ನಮಸ್ಕಾರ ಬಿಡಿ ಅನ್ನಲ್ಲ, ಕಣ್ಣಿನ ಹತ್ತಿರ ಕೈ ಬೇಡ ಅಂತೀನಿ.” ಆಮೇಲೆ ಹುಡುಗರು ನೆಲ ಮುಟ್ಟಿ ಎದೆ ಮುಟ್ಟಿಕೊಳ್ಳಲು ಕಲಿತರು. ಆಟ ಮುಗಿದ ಮೇಲೆ ಬೋಂಡಾ ಅಂಗಡಿ. ಮೂರಡಿ ಅಗಲದ ಬೆಂಚಿಗೆ ಐದು ಜನ, ಮುಕ್ಕಾಲು ಗಂಟೆ ಹರಟೆ.

ಅಂಕಣದಲ್ಲಿ ಒಬ್ಬ ಇನ್ನೊಬ್ಬನಿಗೆ ತಾಗುವುದು ಕೆಲವು ಸೆಕೆಂಡ್. ಓಮ್ನಿಯಲ್ಲಿ ಇಪ್ಪತ್ತೈದು ನಿಮಿಷ, ಬೆಂಚಿನ ಮೇಲೆ ಮುಕ್ಕಾಲು ಗಂಟೆ. ನಮ್ಮ ಎರಡು ಪುಟದಲ್ಲಿ ಇವುಗಳ ಸುದ್ದಿಯೇ ಇರಲಿಲ್ಲ. ಇಂಗ್ಲೆಂಡಿನ ರಗ್ಬಿ ಲೀಗ್ ಆಟಗಾರರ ಮೇಲೆ ನಡೆದ ಅಧ್ಯಯನದಲ್ಲೂ ಇಂಥದ್ದೇ ಕಂಡಿತ್ತೆಂದು ಆಮೇಲೆ ಓದಿದೆ. ಸೋಂಕಿದ್ದ ಆಟಗಾರರು ಪಂದ್ಯ ಆಡಿದ್ದರೂ ಎದುರಾಳಿಗಳಿಗೆ ಮೈದಾನದಲ್ಲಿ ಅಂಟಿದ್ದು ಕಾಣಲಿಲ್ಲ. ಬಂದವರಿಗೆ ಕ್ಲಬ್ಬಿನ ಒಳಗಿಂದಲೋ ಹೊರಗಿನ ಓಡಾಟದಿಂದಲೋ ಬಂದಿತ್ತು. ಆದರೆ ಅದು ಬಯಲಿನ ಆಟ.

‘ಕಬಡ್ಡಿ ಕಬಡ್ಡಿ’ ಅನ್ನುವುದರ ಬಗ್ಗೆ ಮಾತ್ರ ಡಾಕ್ಟರ್ ಬಿಗಿಯಾಗಿದ್ದರು. 2020ರ ಮಾರ್ಚ್‌ನಲ್ಲಿ ಅಮೆರಿಕದ ವಾಷಿಂಗ್ಟನ್ ರಾಜ್ಯದ ಒಂದು ಹಾಡಿನ ತಂಡಕ್ಕೆ ಆದದ್ದನ್ನು ಹೇಳಿದರು. ಒಂದೇ ಸಂಜೆ ಹಾಲ್‌ನೊಳಗೆ ಕೂತು ಅಭ್ಯಾಸ ಮಾಡಿದ 61 ಜನರಲ್ಲಿ 53 ಜನಕ್ಕೆ ಕಾಯಿಲೆ. ಎಲ್ಲರೂ ಬಾಯಿ ತೆರೆದು ಎರಡೂವರೆ ಗಂಟೆ ಹಾಡಿದ್ದರು, ಅಷ್ಟೇ. “ನಿಮ್ಮ ರೈಡರ್ ಮಾಡೋದೂ ಇದನ್ನೇ ಅಲ್ವಾ? ಬಯಲಲ್ಲಿ ಆಡ್ರಿ. ಛಾವಣಿ ಕೆಳಗೆ ಹೋಗ್ಬೇಡಿ.” ಆ ಮಾತನ್ನು ನಾನು ಪುಸ್ತಕದಲ್ಲಿ ಬರೆದು ಕೆಳಗೆ ಎರಡು ಗೆರೆ ಎಳೆದಿದ್ದೆ. ಏಳು ವಾರದ ಮೇಲೆ ಅದನ್ನು ಮುರಿದವರು ನಾವೇ.

ಬಾಯಿಲ್ಲದ ದಾಳಿ

ಜುಲೈ 12ರಿಂದ ಅಭ್ಯಾಸ. ಮೊದಲ ಎರಡು ವಾರ ಯಾರೂ ಯಾರನ್ನೂ ಮುಟ್ಟುವಂತಿಲ್ಲ. ಓಟ, ಕಾಲಿನ ಚಲನೆ, ಎದುರಾಳಿ ಇದ್ದಾನೆ ಅಂದುಕೊಂಡು ಖಾಲಿ ಅಂಕಣದಲ್ಲಿ ದಾಳಿ. ಕೋವಿಡ್ ಇರಲಿ ಬಿಡಲಿ, ತಿಂಗಳುಗಟ್ಟಲೆ ಕೂತ ಮೈಗೆ ಇದು ಬೇಕೇ ಇತ್ತು. ತೋಪಿನಲ್ಲಿ ಹಾಗೇ ನುಗ್ಗಿದ ಒಬ್ಬ ಆಗಲೇ ತೊಡೆ ಹಿಡಿದುಕೊಂಡು ಕುಂಟುತ್ತಿದ್ದ. ಆಮೇಲೆ ಎಂಟೆಂಟು ಜನರ ಗುಂಪು. ಒಂದೇ ಹಳ್ಳಿಯವರು, ಒಂದೇ ಗಾಡಿಯವರು ಒಂದೇ ಗುಂಪಿನಲ್ಲಿ. ಒಂದು ಗುಂಪಿನವನು ಇನ್ನೊಂದನ್ನು ಮುಟ್ಟುವಂತಿಲ್ಲ. ಒಬ್ಬನಿಗೆ ಬಂದರೆ ಏಳು ಜನ ಮನೆಯಲ್ಲಿರಲಿ, 25 ಜನ ಬೇಡ ಅನ್ನುವ ಲೆಕ್ಕ. ಚಿಕ್ಕ ಹುಡುಗರು ಬೆಳಗ್ಗೆ, ಹಿರಿಯರು ಸಂಜೆ. ಕಾದು ನಿಂತವರಿಗೆ ಮಾಸ್ಕ್, ಆಡುವವರಿಗೆ ಬೇಡ. ಏದುಸಿರು ಬಿಡುವಾಗ ಮಾಸ್ಕ್ ಹಾಕಬೇಡಿ ಅಂತ ವಿಶ್ವ ಆರೋಗ್ಯ ಸಂಸ್ಥೆಯೇ ಹೇಳಿತ್ತು. ಓಮ್ನಿಗೆ ಗಾಜು ಇಳಿಸಲೇಬೇಕು. ಬೋಂಡಾ ಪೊಟ್ಟಣ ಕಟ್ಟಿಸಿಕೊಂಡು ಮನೆಗೆ ಹೋಗಬೇಕು. ಇದಕ್ಕೆ ಹುಡುಗರಿಗಿಂತ ಅಂಗಡಿಯವರೇ ಜಾಸ್ತಿ ಬೇಜಾರು ಮಾಡಿಕೊಂಡರು.

ಗಲಾಟೆ ಆದದ್ದು ಬಾಯಿ ಮುಚ್ಚಿಸಿದ್ದಕ್ಕೆ. ಕೋಚ್ ಸ್ಟಾಪ್‌ವಾಚ್ ಹಿಡಿದು 30 ಸೆಕೆಂಡಿಗೆ ಸೀಟಿ ಊದುವುದು, ರೈಡರ್ ಸುಮ್ನೆ ದಾಳಿ ಮಾಡುವುದು. ಮೊದಲ ದಿನ ನಮ್ಮ ಮುಖ್ಯ ರೈಡರ್ ನಾಲ್ಕು ಸಲ ಒಳಗೆ ಹೋದ, ನಾಲ್ಕು ಸಲವೂ ಸಿಕ್ಕಿಬಿದ್ದ. ಐದನೇ ಸಲ ಮಧ್ಯದ ಗೆರೆ ಮೇಲೆ ನಿಂತು, “ಆಗಲ್ಲ ಸರ್, ಕಾಲು ಎಲ್ಲಿಡಬೇಕು ಅಂತಾನೇ ಗೊತ್ತಾಗ್ತಿಲ್ಲ” ಅಂದ. ಅವನು ಸುಳ್ಳು ಹೇಳುತ್ತಿರಲಿಲ್ಲ. ‘ಕಬಡ್ಡಿ’ ಅನ್ನುವುದು ಬರೀ ನಿಯಮ ಅಲ್ಲ, ಅದು ಅವನ ತಾಳ. ಎರಡು ‘ಕಬಡ್ಡಿ’ಗೆ ಒಂದು ಹೆಜ್ಜೆ, ಬೋನಸ್ ಗೆರೆ ಹತ್ತಿರ ಬಂದಾಗ ಅದು ಬಿರುಸಾಗಬೇಕು. ಹೊರಗೆ ನಿಂತು ನೋಡುವ ನನ್ನಂಥವನಿಗೆ ಇದು ಅಂದಿನವರೆಗೆ ಗೊತ್ತೇ ಇರಲಿಲ್ಲ.

ಕೊನೆಗೆ ಒಂದು ದಾರಿ ಕಂಡುಕೊಂಡೆವು. ವಾರದಲ್ಲಿ ಐದು ದಿನ ಬಾಯಿಲ್ಲದ ದಾಳಿ, ಶುಕ್ರವಾರ ಪೂರ್ತಿ ಆಟ. ಆ ದಿನ ಬಾಯಿ ಬಿಡಬಹುದು. ಶುಕ್ರವಾರ ಬಂತೆಂದರೆ ಮೈದಾನಕ್ಕೆ ಹಬ್ಬದ ಕಳೆ.

ಎಲ್ಲರೂ ‘ಇಲ್ಲ’ ಎಂದು ಬರೆದ ಕಾಲಂ

ಹಾಜರಿ ಪುಸ್ತಕಕ್ಕೆ ನಾಲ್ಕು ಕಾಲಂ ಹಾಕಿದ್ದೆ. ಹೆಸರು, ಬಂದ ಹೊತ್ತು, ಟೆಂಪರೇಚರ್, ಕೊನೆಯದು ‘ನಿಮಗೆ ಅಥವಾ ಮನೆಯಲ್ಲಿ ಯಾರಿಗಾದರೂ ಜ್ವರ, ಕೆಮ್ಮು, ನೆಗಡಿ?’

ಮೂರನೇ ಕಾಲಂ ತಮಾಷೆ ಆಗಿಹೋಯಿತು. ಸಂಜೆ ಗಾಳಿಯಲ್ಲಿ ಬೈಕಿನಲ್ಲಿ ಬಂದವರ ಹಣೆಗೆ ಗನ್ ಹಿಡಿದರೆ ಎಲ್ಲರಿಗೂ 94, 95 ಡಿಗ್ರಿ. ಇದನ್ನು ನಂಬಿದ್ದರೆ ಅರ್ಧ ತಂಡ ಬದುಕೇ ಇರಲಿಲ್ಲ. ಮೂರನೇ ವಾರಕ್ಕೆ ಗನ್ ಒಳಗಿಟ್ಟೆವು.

ನಾಲ್ಕನೆಯದು ಮೊದಲ ದಿನ ‘ಇಲ್ಲ, ಇಲ್ಲ, ಇಲ್ಲ’. ಎರಡನೇ ದಿನ ಮೊದಲನೆಯವನು ‘ಇಲ್ಲ’ ಅಂತ ಬರೆದ, ಕೆಳಗಿನವರೆಲ್ಲ ಮೇಲಿನಂತೆ ಎನ್ನುವ ಎರಡು ಪುಟ್ಟ ಗೀಟು. ಆ ಪುಟಗಳು ಈಗಲೂ ನನ್ನ ಹತ್ತಿರ ಇವೆ. ಆರು ವಾರ, ನಾನೂರಕ್ಕೂ ಮಿಕ್ಕಿದ ಸಾಲು, ಒಂದೇ ಒಂದು ‘ಹೌದು’ ಇಲ್ಲ. ಮಳೆಗಾಲ, 26 ಮನೆ, ಒಬ್ಬರಿಗೂ ನೆಗಡಿ ಆಗಲಿಲ್ಲವಂತೆ! ಅನುಮಾನ ಬರಬೇಕಿತ್ತು. ನನಗೆ ಬಂದದ್ದು ಹೆಮ್ಮೆ.

ನಾಲ್ಕು ಸಂಜೆ

ಆಗಸ್ಟ್ ಕೊನೆಯ ವಾರ ಮಳೆ ಹಿಡಿಯಿತು. ಮ್ಯಾಟ್ ನೆನೆಯುವಂತಿಲ್ಲ. ಅಕ್ಟೋಬರ್ ಕೊನೆಗೆ ಒಂದು ದೊಡ್ಡ ಪಂದ್ಯಾವಳಿ ಇತ್ತು. ಅದಕ್ಕೆ ತಂಡ ಆರಿಸುವುದು 29ರ ಭಾನುವಾರ ಎಂದು ಕೋಚ್ ಹೇಳಿಯಾಗಿತ್ತು. ಆಗಲೇ ಕಮಿಟಿಯವರೊಬ್ಬರ ನೆಂಟರ ಕಲ್ಯಾಣ ಮಂಟಪ ಖಾಲಿ ಇದೆ, ಬಾಡಿಗೆ ಬೇಡ ಅಂತ ಮಾತು ಬಂತು. ಛಾವಣಿ ಬೇಡ ಎಂದು ನಾನೇ ಗೆರೆ ಎಳೆದು ಬರೆದಿದ್ದೆನಲ್ಲ? ನೆನಪಿತ್ತು. ‘ನಾಲ್ಕು ದಿನ ತಾನೆ’ ಎಂದುಕೊಂಡೆ. ತಂಡದ ಮೇಲೆ ಕೋಚ್‌ಗೆ ಇದ್ದ ಆಸೆ ನೋಡಿ ಬೇಡ ಅನ್ನಲು ಮನಸ್ಸು ಬರಲಿಲ್ಲ.

ಸೋಮವಾರದಿಂದ ಗುರುವಾರ, ನಾಲ್ಕು ಸಂಜೆ. 14 ಜನ ಹಿರಿಯರು, ಕೋಚ್. ಮೊದಲ ದಿನ ಕಿಟಕಿ ತೆಗೆದಿದ್ದೆವು. ಎರಚಲು ಹೊಡೆದು ಮ್ಯಾಟ್ ಜಾರತೊಡಗಿತು ಅಂತ ಎರಡನೇ ದಿನ ಮುಚ್ಚಿದೆವು. ತಲೆ ಮೇಲೆ ಫ್ಯಾನು ಒಳಗಿನ ಗಾಳಿಯನ್ನೇ ತಿರುಗಿಸುತ್ತಿತ್ತು. ಆಯ್ಕೆ ಹತ್ತಿರ ಬಂತೆಂದು ಗುಂಪುಗಳನ್ನೂ ಒಟ್ಟು ಸೇರಿಸಿದೆವು. ಬಾಯಿಲ್ಲದ ದಾಳಿಯನ್ನೂ ಬಿಟ್ಟೆವು. ಒಂದು ಸಡಿಲವಾದರೆ ಮಿಕ್ಕಿದ್ದಕ್ಕೂ ಅದೇ ನೆಪ.

ಶುಕ್ರವಾರ ಬೆಳಗ್ಗೆ ಬಲ ಕವರ್ ಹುಡುಗನ ಅಣ್ಣ ಫೋನ್ ಮಾಡಿದ. ರಾತ್ರಿಯಿಂದ ಜ್ವರ, ಮೈಕೈ ನೋವು. ಆರೋಗ್ಯ ಕೇಂದ್ರದಲ್ಲಿ ರ‍್ಯಾಪಿಡ್ ಟೆಸ್ಟ್ ಮಾಡಿದರು, ನೆಗೆಟಿವ್. ಕೋಚ್‌ಗೆ ಹೋದ ಜೀವ ಬಂದ ಹಾಗಾಯಿತು. “ಮಳೇಲಿ ನೆನೆದಿದ್ದಾನೆ ಬಿಡಿ ಸರ್. ಅವನೊಬ್ಬ ಮನೇಲಿರಲಿ, ನಾವು ಇವತ್ತು ಆಡೋಣ.” ಲಕ್ಷಣ ಇದ್ದು ರ‍್ಯಾಪಿಡ್ ನೆಗೆಟಿವ್ ಬಂದರೆ ಆರ್‌ಟಿಪಿಸಿಆರ್ ಮಾಡಿಸಲೇಬೇಕು, ಅದು ಬರುವವರೆಗೆ ನೆಗೆಟಿವ್ ಅಂತ ನಂಬಬೇಡಿ ಅಂತ ಡಾಕ್ಟರ್ ಹೇಳಿ ಕಳಿಸಿದ್ದರು. ಈ ಸಲ ನಾನು ಪಟ್ಟು ಬಿಡಲಿಲ್ಲ. ಅಭ್ಯಾಸ ನಿಲ್ಲಿಸಿ 14 ಜನಕ್ಕೂ ಮನೆಯಲ್ಲೇ ಇರಲು ಹೇಳಿದೆ. ಇಡೀ ಪ್ರಕರಣದಲ್ಲಿ ಸರಿಯಾದ ಹೊತ್ತಿಗೆ ನಾನು ತೆಗೆದುಕೊಂಡ ತೀರ್ಮಾನ ಇದೊಂದೇ ಇರಬೇಕು.

ಭಾನುವಾರ ರಿಪೋರ್ಟ್ ಬಂತು, ಪಾಸಿಟಿವ್. ಮುಂದಿನ ಐದು ದಿನದಲ್ಲಿ ಒಟ್ಟು ಆರು ಜನ. ಬಲ ಕವರ್, ರೈಡರ್, ಕೋಚ್, ಇನ್ನು ಮೂವರು. ಅವರಲ್ಲೊಬ್ಬನ ಅಜ್ಜಿಗೂ ಬಂತು. ಐದು ದಿನ ಆಕ್ಸಿಜನ್ ಮೇಲಿದ್ದು ಮನೆಗೆ ಬಂದರು. ಆ ಐದು ದಿನ ನಾನು ಅವರ ಬೀದಿಯಲ್ಲಿ ಹೋಗಲಿಲ್ಲ.

ಮಂಟಪದಲ್ಲೇ ಹರಡಿತು ಎಂದು ಪ್ರಮಾಣ ಮಾಡಿ ಹೇಳಲಾರೆ. ಆರರಲ್ಲಿ ನಾಲ್ವರು ಅದೇ ಓಮ್ನಿಯವರು. ಮಳೆ ಅಂತ ಅದರ ಗಾಜೂ ಏರಿತ್ತು. ಬೆಳಗಿನ ಹೊತ್ತು ಮಳೆ ಬಿಟ್ಟಾಗ ಬಯಲಿನಲ್ಲಿ ಓಡಾಡಿಕೊಂಡಿದ್ದ ಚಿಕ್ಕ ಹುಡುಗರಲ್ಲಿ ಯಾರಿಗೂ ಲಕ್ಷಣ ಕಾಣಲಿಲ್ಲ. ಟೆಸ್ಟ್ ಮಾಡಿಸಿದ ಮೂವರಿಗೂ ನೆಗೆಟಿವ್.

“ಹೇಳಿದ್ದಿದ್ರೆ?”

ಹತ್ತು ದಿನ ಕಳೆದ ಮೇಲೆ ಬಲ ಕವರ್ ಹುಡುಗನನ್ನು ಮಾತಾಡಿಸಲು ಕೋಚ್, ನಾನು ಅವನ ಮನೆಗೆ ಹೋದೆವು. ಜಗಲಿಯ ಆ ತುದಿಯಲ್ಲಿ ಅವನು, ಈ ತುದಿಯಲ್ಲಿ ನಾವು. ಬೈಯುವ ಉದ್ದೇಶ ಇರಲಿಲ್ಲ, ಆದರೂ ಕೋಚ್ ದನಿ ಏರಿತು. ಮಂಗಳವಾರದಿಂದಲೇ ಗಂಟಲು ಕೆರೆಯುತ್ತಿತ್ತು ಎಂದು ಹುಡುಗ ಒಪ್ಪಿಕೊಂಡ. ಬುಧವಾರ, ಗುರುವಾರ ಎರಡು ದಿನವೂ ನಾಲ್ಕನೇ ಕಾಲಂನಲ್ಲಿ ಗೀಟು ಹಾಕಿದ್ದ.

“ಯಾಕೋ ಹೇಳ್ಲಿಲ್ಲ?”

ತಲೆ ತಗ್ಗಿಸಿದವನು ತಲೆ ಎತ್ತಿದ. “ಹೇಳಿದ್ದಿದ್ರೆ ಭಾನುವಾರ ಏಳರಲ್ಲಿ ನನ್ನ ಹೆಸರು ಇರ್ತಿತ್ತಾ ಸರ್?”

ಕೋಚ್ ಉತ್ತರ ಕೊಡಲಿಲ್ಲ. ಉತ್ತರ ಮೂವರಿಗೂ ಗೊತ್ತಿತ್ತು. ಹಿಂದಿನ ಮಾರ್ಚ್‌ನಲ್ಲಿ ಕಾಲು ಉಳುಕಿದೆ ಎಂದು ಪ್ರಾಮಾಣಿಕವಾಗಿ ಹೇಳಿದ ಒಬ್ಬನ ಜಾಗಕ್ಕೆ ಇದೇ ಬಲ ಕವರ್ ಬಂದಿದ್ದ. ಆ ಹುಡುಗನಿಗೆ ಜಾಗ ಮತ್ತೆ ಸಿಕ್ಕಿರಲಿಲ್ಲ.

ವಾಪಸ್ ಬರುವಾಗ ಕೋಚ್ ಬೈಕ್ ನಿಲ್ಲಿಸಿ ಕೆರೆ ಏರಿ ಮೇಲೆ ಕೂತರು. ಮಾತಾಡಿದ್ದು ಕಡಿಮೆ. ‘ನಿಜ ಹೇಳು’ ಅಂತ ಕಾಲಂ ಹಾಕಿದವರು ನಾವು, ನಿಜ ಹೇಳಿದವನ ಜಾಗ ಕಿತ್ತುಕೊಂಡವರೂ ನಾವೇ. ಉಳಿದ ಹುಡುಗರನ್ನು ಒಬ್ಬೊಬ್ಬರನ್ನೇ ಕೇಳಿದಾಗ ಇನ್ನೆರಡು ಕಾರಣ ಹೊರಬಿದ್ದವು. ಗಾರೆ ಕೆಲಸದವನು ಪಾಸಿಟಿವ್ ಎಂದು ಗೊತ್ತಾದರೆ ಹತ್ತು ದಿನದ ಕೂಲಿ ಹೋಗುತ್ತದೆ. ಎರಡನೆಯದು ಸೀಲ್‌ಡೌನ್ ಹೆದರಿಕೆ. 2020ರಲ್ಲಿ ಬೀದಿಗೆ ಅಡ್ಡ ಕಟ್ಟಿ, ಬಾಗಿಲಿಗೆ ನೋಟಿಸ್ ಅಂಟಿಸಿದ್ದು ಯಾರೂ ಮರೆತಿರಲಿಲ್ಲ. ಆ ಪದ್ಧತಿ ಹೋಗಿದ್ದರೂ ಹೆದರಿಕೆ ಹೋಗಿರಲಿಲ್ಲ.

ಗಣೇಶನ ಹಬ್ಬ ಮುಗಿಸಿ ಸೆಪ್ಟೆಂಬರ್ 13ಕ್ಕೆ ಮತ್ತೆ ಶುರು ಮಾಡುವಾಗ ಮೂರು ನಿಯಮ ಬದಲಾದವು. ಹುಷಾರಿಲ್ಲ ಎಂದು ಹೇಳಿ ಮನೆಯಲ್ಲಿ ಉಳಿದವನ ಜಾಗ 21 ದಿನ ಅವನದೇ. ಅಷ್ಟರಲ್ಲಿ ಆಯ್ಕೆ ಬಂದರೆ ಹಿಂದಿನ ತಿಂಗಳ ಆಟ ನೋಡಿ ಅವನನ್ನೂ ಲೆಕ್ಕಕ್ಕೆ ತೆಗೆದುಕೊಳ್ಳುವುದು. ಟೆಸ್ಟ್ ಪಾಸಿಟಿವ್ ಬಂದ ಕೂಲಿ ಹುಡುಗನಿಗೆ ದಿನಕ್ಕೆ 400 ರೂಪಾಯಿ, ಹತ್ತು ದಿನ. ಈ ದುಡ್ಡು ಹೊಸ ಜೆರ್ಸಿಗೆ ಎತ್ತಿಟ್ಟದ್ದು. ಆ ವರ್ಷ ಹಳೇ ಜೆರ್ಸಿಯಲ್ಲೇ ಆಡಿದೆವು. ಮೂರನೆಯದು, ಪುಸ್ತಕದಲ್ಲಿ ಎಲ್ಲರ ಎದುರು ಬರೆಯುವುದು ಬೇಡ, ಬೆಳಗ್ಗೆಯೇ ನನಗೊಬ್ಬನಿಗೆ ಫೋನ್ ಮಾಡಲಿ, ಕಾಲಂ ನಾನೇ ತುಂಬುತ್ತೇನೆ.

ಎರಡನೇ ವಾರಕ್ಕೆ ಮೊದಲ ಫೋನ್ ಬಂತು. “ಸರ್, ತಂಗಿಗೆ ಕೆಮ್ಮು. ಬರ್ಲಾ ಬ್ಯಾಡ್ವಾ?” ಆ ದಿನ ಕಾಲಂನಲ್ಲಿ ‘ಹೌದು’ ಎಂದು ಬರೆದಾಗ ಆದ ಖುಷಿ ಹೇಳಿದರೆ ನಗುತ್ತೀರಿ. ನವೆಂಬರ್ ಮುಗಿಯುವ ಹೊತ್ತಿಗೆ ಒಂಬತ್ತು ‘ಹೌದು’. ಅದರಲ್ಲಿ ಎರಡು ಕೋವಿಡ್, ಒಂದು ಡೆಂಗಿ, ಮಿಕ್ಕಿದ್ದೆಲ್ಲ ಸಾದಾ ನೆಗಡಿ. ಆ ಇಬ್ಬರಿಂದ ತಂಡದಲ್ಲಿ ಬೇರೆ ಯಾರಿಗೂ ಬಂದದ್ದು ಕಾಣಲಿಲ್ಲ. ಪೂರ್ತಿ ಶ್ರೇಯಸ್ಸು ನಿಯಮಕ್ಕೆ ಕೊಡುವುದು ತಪ್ಪಾಗುತ್ತದೆ. ಆ ಹೊತ್ತಿಗೆ ಹಿರಿಯರಲ್ಲಿ ಹೆಚ್ಚಿನವರಿಗೆ ಲಸಿಕೆಯ ಎರಡನೇ ಡೋಸೂ ಆಗಿತ್ತು, ಮತ್ತೆ ನಾವು ಛಾವಣಿ ಕೆಳಗೆ ಹೋಗಲಿಲ್ಲ. ಅಂದ ಹಾಗೆ, ಒಬ್ಬ ಈ ನಿಯಮ ಹಿಡಿದುಕೊಂಡು ಅತ್ತೆ ಮಗಳ ಮದುವೆಗೆ ಹೋಗಿ ಬಂದ. ಫೋಟೋ ವಾಟ್ಸಾಪ್ ಸ್ಟೇಟಸ್‌ನಲ್ಲಿ ಸಿಕ್ಕಿತು. ಅಷ್ಟು ನಷ್ಟ ಪರವಾಗಿಲ್ಲ ಎಂದು ಸುಮ್ಮನಾದೆವು.

ಉಸಿರಿನ ಅಳತೆ

ವಾಸಿಯಾದವರನ್ನು ಮತ್ತೆ ಅಂಕಣಕ್ಕೆ ಇಳಿಸುವುದು ಇನ್ನೊಂದು ಪಾಠ. ಆಗಿನ ನಿಯಮದ ಪ್ರಕಾರ ಲಕ್ಷಣ ಶುರುವಾಗಿ ಹತ್ತು ದಿನ ಕಳೆದು, ಕೊನೆಯ ಮೂರು ದಿನ ಜ್ವರ ಇಲ್ಲದಿದ್ದರೆ ಮನೆಯ ಪ್ರತ್ಯೇಕ ವಾಸ ಮುಗಿಯಿತು. ರೈಡರ್ ಇದನ್ನು ‘ಹನ್ನೊಂದನೇ ದಿನ ಆಡಬಹುದು’ ಎಂದು ಓದಿಕೊಂಡ. ಹನ್ನೆರಡನೇ ದಿನ ಸದ್ದಿಲ್ಲದೆ ಶಾಲೆ ಮೈದಾನಕ್ಕೆ ಹೋಗಿ ಒಬ್ಬನೇ ಓಡಿದ. ಮೂರನೇ ಸುತ್ತಿಗೆ ಕಣ್ಣು ಕತ್ತಲೆ ಬಂದು ಕೂತುಬಿಟ್ಟ. ಎದೆ ಡವಡವ ಎನ್ನುವುದು ಕಾಲು ಗಂಟೆಯಾದರೂ ನಿಲ್ಲಲಿಲ್ಲ.

ತಾಲೂಕು ಆಸ್ಪತ್ರೆಯಲ್ಲಿ ಇಸಿಜಿ ಮಾಡಿದರು, ಸರಿಯಾಗಿತ್ತು. ಆದರೂ ಡಾಕ್ಟರ್ ಬಿಡಲಿಲ್ಲ. ಈ ಕಾಯಿಲೆ ಕೆಲವರಲ್ಲಿ ಹೃದಯದ ಸ್ನಾಯುವಿಗೆ ಬಾವು ತರುತ್ತದೆ, ಆ ಹೊತ್ತಿನಲ್ಲಿ ಬಿರುಸಾಗಿ ಆಡಿದರೆ ಅಪಾಯ ಎಂದು ಬಿಡಿಸಿ ಹೇಳಿದರು. ಮೊದಲು ಬರೀ ನಡಿಗೆ. ಆರು ನಿಮಿಷ ನಡೆದು ಬೆರಳಿಗೆ ಆಕ್ಸಿಮೀಟರ್. 94ಕ್ಕಿಂತ ಕೆಳಗೆ ಇಳಿದರೂ, ಇದ್ದದ್ದಕ್ಕಿಂತ ಮೂರು ಅಂಕ ಕುಸಿದರೂ ಆಟ ಬಂದ್, ಆಸ್ಪತ್ರೆಗೆ ಬರಬೇಕು. ಆಮೇಲೆ ನಿಧಾನ ಓಟ, ಆಮೇಲೆ ಕಾಲಿನ ಕೆಲಸ, ಎಲ್ಲಕ್ಕೂ ಕೊನೆಗೆ ಹಿಡಿತ. ಯಾವ ಹಂತದಲ್ಲಾದರೂ ಎದೆ ನೋವು, ತಲೆಸುತ್ತು ಬಂದರೆ ಹಿಂದಿನ ಹಂತಕ್ಕಲ್ಲ, ನೇರ ಆಸ್ಪತ್ರೆಗೆ.

ಕೋಚ್ ಇದಕ್ಕೆ ತಮ್ಮದೊಂದು ಅಳತೆ ಸೇರಿಸಿದರು. ಕಾಯಿಲೆಗೆ ಮುಂಚೆ ನಮ್ಮ ರೈಡರ್ ಒಂದೇ ಉಸಿರಿಗೆ 28 ಸೆಕೆಂಡ್ ‘ಕಬಡ್ಡಿ ಕಬಡ್ಡಿ’ ಎನ್ನುತ್ತಿದ್ದ. ನಿಂತಲ್ಲೇ ನಿಂತು. ಸೆಪ್ಟೆಂಬರ್ ಮಧ್ಯದಲ್ಲಿ ಸ್ಟಾಪ್‌ವಾಚ್ ಹಿಡಿದರೆ 14ಕ್ಕೇ ದಮ್ಮು ಮುಗಿಯಿತು. ಅವನು ನಂಬಲಿಲ್ಲ, ಇನ್ನೊಮ್ಮೆ ಹಿಡೀರಿ ಅಂದ. ಎರಡನೇ ಸಲ 12. ಬೇಡ ಅಂತ ನಾವು ಎಷ್ಟು ಹೇಳಿದರೂ ಕೇಳದಿದ್ದವನು ಆ 12 ನೋಡಿ ಬೆಂಚಿನ ಮೇಲೆ ಕೂತ. ಡಾಕ್ಟರ್‌ಗೆ ಹೇಳಿದಾಗ, “ಇದು ಮೆಡಿಕಲ್ ಟೆಸ್ಟ್ ಅಲ್ಲಪ್ಪ, ಆದ್ರೆ ಅವನು ನನ್ನ ಮಾತಿಗಿಂತ ಇದನ್ನೇ ಕೇಳ್ತಾನಲ್ಲ, ನಡೀಲಿ” ಎಂದರು. ವಾರಕ್ಕೊಮ್ಮೆ ಬರೆದಿಟ್ಟೆವು: 14, 15, 19, 18, 23. ಅಕ್ಟೋಬರ್ ಕೊನೆಗೂ 24 ದಾಟಲಿಲ್ಲ.

ಪಂದ್ಯಾವಳಿಗೆ ಹೋಗಬೇಕೋ ಬೇಡವೋ ಎಂದು ಮತ್ತೊಂದು ಜಟಾಪಟಿ. ಜನ ಸೇರಿಸಬೇಡಿ ಎಂದು ಸಂಘಟಕರನ್ನು ಕೇಳಿದೆವು. ಜನ ಇಲ್ಲದಿದ್ದರೆ ಚಂದಾ ಯಾರು ಕೊಡ್ತಾರೆ ಅಂದರು. ಅವರ ಕಷ್ಟ ಅವರಿಗೆ. ಕಮಿಟಿಯಲ್ಲಿ ಮೂರು ವೋಟು ಹೋಗೋಣ, ಎರಡು ಬೇಡ. ಚಿಕ್ಕ ಹುಡುಗರನ್ನು ಕರೆದೊಯ್ಯಲಿಲ್ಲ. ಅವರಿಗೆ ಇನ್ನೂ ಲಸಿಕೆಯೇ ಇರಲಿಲ್ಲ, 15 ದಾಟಿದವರಿಗೆ ಸಿಕ್ಕಿದ್ದು 2022ರ ಜನವರಿ 3ರಿಂದ. ಎಲ್ಲ ತಂಡಕ್ಕೂ ಮಲಗಲು ಕೊಟ್ಟಿದ್ದ ಹಾಲ್ ಬೇಡ ಎಂದು ಸ್ಟೇಜಿನ ಹಿಂದೆ ಬಯಲಲ್ಲಿ ಕೂತು, ಆಡಿ, ರಾತ್ರಿಯೇ ಗಾಜು ಇಳಿಸಿದ ಟೆಂಪೋದಲ್ಲಿ ನಡುಗುತ್ತಾ ಬಂದೆವು. ಕ್ವಾರ್ಟರ್ ಫೈನಲ್‌ನಲ್ಲಿ ನಾಲ್ಕು ಅಂಕದಿಂದ ಸೋತೆವು. ಕೊನೆಯ ಮೂರು ನಿಮಿಷ ರೈಡರ್ ಬೆಂಚಿನ ತುದಿಗೆ ಬಂದು ಕೋಚ್ ಮುಖವನ್ನೇ ನೋಡುತ್ತಿದ್ದ. ಕೋಚ್ ಅವನ ಕಡೆ ತಿರುಗಲಿಲ್ಲ. ಅವನು ಇಳಿದಿದ್ದರೆ ಗೆಲ್ಲುತ್ತಿದ್ದೆವು ಅಂತ ಊರಲ್ಲಿ ಈಗಲೂ ಹೇಳುವವರಿದ್ದಾರೆ.

ದೊಡ್ಡವರ ಆಟ ನೋಡುತ್ತಾ

ಡಿಸೆಂಬರ್ 2ಕ್ಕೆ ದೇಶದ ಮೊದಲ ಎರಡು ಓಮಿಕ್ರಾನ್ ಪ್ರಕರಣ ನಮ್ಮ ರಾಜ್ಯದಲ್ಲೇ ಸಿಕ್ಕವು. ಅದೇ ತಿಂಗಳ 22ರಿಂದ ಬೆಂಗಳೂರಿನ ವೈಟ್‌ಫೀಲ್ಡ್‌ನ ಒಂದು ಹೋಟೆಲಿನಲ್ಲಿ ಪ್ರೊ ಕಬಡ್ಡಿ ಎಂಟನೇ ಸೀಸನ್. 12 ತಂಡವೂ ಅಲ್ಲೇ ವಾಸ, ಅಲ್ಲೇ ಆಟ, ಪ್ರೇಕ್ಷಕರು ಇಲ್ಲ. ಜನವರಿಯಲ್ಲಿ ವಾರಾಂತ್ಯ ಕರ್ಫ್ಯೂ ಬಂದು ನಮ್ಮ ಅಭ್ಯಾಸ ನಿಂತಾಗ ಹುಡುಗರಿಗೆ ಅದನ್ನು ಟಿವಿಯಲ್ಲಿ ನೋಡುವುದೇ ಕೆಲಸ. ಅಲ್ಲೂ ಎರಡು ತಂಡದಲ್ಲಿ ಸೋಂಕು ಕಂಡು ವೇಳಾಪಟ್ಟಿ ಬದಲಾಯಿತು. “ಅಷ್ಟು ದುಡ್ಡಿದ್ದವರಿಗೂ ಆಗ್ಲಿಲ್ಲ ನೋಡಿ ಸರ್” ಎಂದು ಎಡ ಮೂಲೆ ಮೆಸೇಜ್ ಹಾಕಿದ.

ನನಗೆ ನೆನಪಾದದ್ದು 2020ರ ಆಗಸ್ಟ್. ಬೆಂಗಳೂರಿನ ಭಾರತೀಯ ಕ್ರೀಡಾ ಪ್ರಾಧಿಕಾರದ (ಸಾಯ್) ಕೇಂದ್ರಕ್ಕೆ ಊರಿನಿಂದ ಮರಳಿದ ಭಾರತ ಹಾಕಿ ತಂಡದ ಆರು ಆಟಗಾರರಿಗೆ ಪಾಸಿಟಿವ್ ಬಂದಿತ್ತು, ನಾಯಕನೂ ಸೇರಿ. ಆದರೆ ಬಂದ ಕೂಡಲೇ ಬೇರೆ ಇರಿಸಿ ಟೆಸ್ಟ್ ಮಾಡಿದ್ದರಿಂದ ಗೊತ್ತಾಯಿತು, ಶಿಬಿರ ಶುರುವಾಗುವ ಮುಂಚೆ. ಅಂಥ ಬಾಗಿಲು ನಮ್ಮಂಥವರ ಹತ್ತಿರ ಇಲ್ಲ. ನಮ್ಮ ಹತ್ತಿರ ಇದ್ದದ್ದು ಬೆಳಗ್ಗೆ ಏಳು ಗಂಟೆಗೆ ಬರುವ ಫೋನ್ ಮಾತ್ರ. ಅದು ಬರಬೇಕಾದರೆ ಫೋನ್ ಮಾಡಿದವನಿಗೆ ನಷ್ಟ ಆಗಬಾರದು. ಮತ್ತೆ ಇಂಥ ಕಾಲ ಬಂದರೆ ನಾನು ಮೊದಲು ಬರೆಯುವುದು ಆಯ್ಕೆಯ ನಿಯಮ, ಆಮೇಲೆ ಸ್ಯಾನಿಟೈಸರ್ ಬಿಲ್ಲು.

ನಾಲ್ಕನೇ ಕಾಲಂ ಈಗಿಲ್ಲ. 2022ರ ಮಧ್ಯದಲ್ಲಿ ಹಳೇ ಪುಸ್ತಕ ಮುಗಿದಾಗ, ಹೊಸದಕ್ಕೆ ಗೆರೆ ಹಾಕಿದ ಹುಡುಗ ಮೂರೇ ಕಾಲಂ ಹಾಕಿದ. ಯಾರೂ ಕೇಳಲಿಲ್ಲ. 21 ದಿನ ಜಾಗ ಉಳಿಸುವ ನಿಯಮ ಮಾತ್ರ ಹಾಗೇ ಇದೆ. ಇತ್ತೀಚೆಗೆ ಅದನ್ನು ಬಳಸಿಕೊಂಡವನು, ಮಾರ್ಚ್‌ನಲ್ಲಿ ಕಾಲು ಉಳುಕಿ ಜಾಗ ಕಳೆದುಕೊಂಡಿದ್ದನಲ್ಲ, ಅದೇ ಹುಡುಗ. ಡೆಂಗಿ ಆಗಿತ್ತು. 19ನೇ ದಿನ ಬಂದ, ನೆಲ ಮುಟ್ಟಿ ಎದೆ ಮುಟ್ಟಿಕೊಂಡು ಬಲ ಕವರ್‌ನಲ್ಲಿ ನಿಂತ.